ಬೇಕಾದಾಗ ಬಿಚ್ಚಿಡುವ ಗಾಜು

ಐವತ್ತು ದಾಟಿದ ಗಂಡಸು ತನ್ನ ಮೋಟರ್‌ಸೈಕಲ್ಲಿಗೆ ಏನಾದರೂ ಹೊಸದು ಹಾಕಿಸಿಕೊಂಡರೆ ಓಣಿಗೆ ಅದರ ಕಾರಣ ಬೇಕಾಗುತ್ತದೆ. ಇಪ್ಪತ್ತರ ಹರೆಯದವರು ಸೈಲೆನ್ಸರ್ ಕಿತ್ತು ಊರನ್ನೇ ಎಬ್ಬಿಸಿದರೂ ಯಾರೂ ಕೇಳುವುದಿಲ್ಲ. ಕಳೆದ ದಸರೆ ಮುಗಿದ ಮೇಲೆ ನಾನು ನನ್ನ ಗಾಡಿಯ ಮುಂದೆ ಒಂದು ವಿಂಡ್‌ಶೀಲ್ಡ್ ಹಾಕಿಸಿದೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಒಂದು ವಾರ ಅದೇ ಮಾತು. ಎದುರುಮನೆಯವರು ಗೋವಾಕ್ಕೆ ಹೊರಟಿರೇನು ಎಂದು ವಿಚಾರಿಸಿದರು. ಹಾಲಿನವನು ಸುತ್ತಲೂ ತಿರುಗಿ ನೋಡಿ, ಮಳೆಗಾಲದಲ್ಲಿ ತನಗೂ ಇಂಥದೊಂದು ಬೇಕು ಎಂದ. ಎಲ್ಲರಿಗೂ ನಾನು ಕಿವಿನೋವಿನ ಕಾರಣ ಹೇಳಿದೆ. ಅದು ಸುಳ್ಳಲ್ಲ. ಆದರೆ ಆ ಗಾಜಿನ ಕಥೆ ಕಿವಿನೋವಿನಲ್ಲಿ ಮುಗಿಯುವುದಿಲ್ಲ. ಉಳಿದದ್ದನ್ನು ಓಣಿಯಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ಹಾಳೆಯ ಮೇಲೆ ಹೇಳುವುದು ಸ್ವಲ್ಪ ಸುಲಭ.

ನಾನು ಸವದತ್ತಿಯ ಕೋರ್ಟಿನಲ್ಲಿ ಸ್ಟೆನೊಗ್ರಾಫರ್. ಇನ್ನೊಬ್ಬರು ಆಡಿದ್ದನ್ನು ಒಂದಕ್ಷರ ಬಿಡದೆ ಕೇಳಿ ಬರೆದುಕೊಳ್ಳುವುದೇ ನನ್ನ ಉದ್ಯೋಗ. ಸಾಕ್ಷಿಕಟ್ಟೆಯಲ್ಲಿ ನಿಂತವರು ಅಳುತ್ತ ಹೇಳಲಿ, ಎಲೆಯಡಿಕೆ ಬಾಯಲ್ಲಿಟ್ಟುಕೊಂಡು ಹೇಳಲಿ, ನನ್ನ ಪೆನ್ಸಿಲ್ಲು ನಿಲ್ಲುವುದಿಲ್ಲ. ಈ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ಮನೆಯಲ್ಲಿ ಮಾತ್ರ ನನ್ನ ಹೆಂಡತಿ ಗಿರಿಜಾ, ನಾನು ಹೇಳಿದ್ದು ನಿಮ್ಮ ಕಿವಿಗೆ ಬೀಳಬೇಕಾದರೆ ನಾನೂ ಕಟ್ಟೆ ಹತ್ತಬೇಕೇನೋ ಎನ್ನುತ್ತಿರುತ್ತಾಳೆ.

ಬೈಲಹೊಂಗಲದಿಂದ ಸವದತ್ತಿಗೆ ಮುನವಳ್ಳಿಯ ಮೇಲೆ ಹೋಗುವ ದಾರಿ ನನಗೆ ಅಂಗೈಯಷ್ಟು ಪರಿಚಿತ. ಒಂಬತ್ತು ವರ್ಷ ಅದೇ ದಾರಿ, ಅದೇ ಗಾಡಿ, ಹಿಂದೆ ಅದೇ ಸದಾನಂದ. ಸದಾನಂದ ಕಾಂಬಳೆ ನಮ್ಮ ಕೋರ್ಟಿನಲ್ಲೇ ಬೆಂಚ್ ಕ್ಲರ್ಕು. ಪ್ರಕರಣದ ಕಡತಗಳನ್ನು ಸಾಹೇಬರ ಮುಂದಿಡುವುದು, ಮುಂದಿನ ತಾರೀಖು ಬರೆದುಕೊಳ್ಳುವುದು ಅವನ ಕೆಲಸ. ತೆಳ್ಳಗಿನ ಮನುಷ್ಯ, ಇನ್ನೂ ತೆಳ್ಳಗಿನ ದನಿ. ಮನೆಯ ಗೋಡೆಯ ಮೇಲೆ ಬುದ್ಧನ ಒಂದು ಚಿತ್ರ, ಅದರ ಕೆಳಗೆ ಒಂದು ಕುರ್ಚಿ, ಒಂದು ರೇಡಿಯೊ. ಒಬ್ಬನೇ ಇರುವ ಮನೆಗೆ ಅಷ್ಟೇ ಸಾಮಾನು. ತಂದೆ ಬೇಗ ತೀರಿಕೊಂಡದ್ದರಿಂದ ಇಬ್ಬರು ತಂಗಿಯರನ್ನು ಓದಿಸಿ ಲಗ್ನ ಮಾಡಿಕೊಟ್ಟ. ಅಷ್ಟರಲ್ಲಿ ತನ್ನ ಲಗ್ನದ ವಯಸ್ಸು ದಾಟಿಹೋದದ್ದು ಅವನ ಗಮನಕ್ಕೆ ಬರಲಿಲ್ಲ. ಕೋರ್ಟಿನಲ್ಲಿ ಅವನು ಮಾತಾಡುತ್ತಿರಲಿಲ್ಲ. ಆದರೆ ಗಾಡಿಯ ಹಿಂದೆ ಕೂತು ಊರು ದಾಟಿದನೆಂದರೆ ಮಾತು ಶುರುವಾಗಿ ಸವದತ್ತಿಯ ಗುಡ್ಡ ಕಾಣುವವರೆಗೂ ನಡೆಯುತ್ತಿತ್ತು.

ಆ ಮಾತಿನಲ್ಲಿ ನನಗೆ ಅರ್ಧವೂ ಕೇಳಿಸುತ್ತಿರಲಿಲ್ಲ.

ಶೀಘ್ರಲಿಪಿ ಕಲಿತವರಿಗೆ ಗೊತ್ತು, ಅದರಲ್ಲಿ ವ್ಯಂಜನಗಳಿಗೆ ಗೆರೆ, ಸ್ವರಗಳಿಗೆ ಚುಕ್ಕೆ. ವೇಗ ಹೆಚ್ಚಾದಾಗ ನಾವು ಚುಕ್ಕೆಗಳನ್ನು ಬಿಟ್ಟುಬಿಡುತ್ತೇವೆ. ಗೆರೆ ನೋಡಿದರೆ ಸಾಕು, ಮಾತು ತಿಳಿಯುತ್ತದೆ. ಗಾಳಿಯ ಲಿಪಿ ಇದಕ್ಕೆ ತದ್ವಿರುದ್ಧ. ಅದು ವ್ಯಂಜನಗಳನ್ನೆಲ್ಲ ತಿಂದು ಸ್ವರಗಳನ್ನು ಮಾತ್ರ ಬಿಡುತ್ತದೆ. ಹಿಂದೆ ಕೂತವನು ‘ತಾಯಿ’ ಅನ್ನಲಿ, ‘ನಾಯಿ’ ಅನ್ನಲಿ, ‘ಗಾಡಿ’ ಅನ್ನಲಿ, ಹೆಲ್ಮೆಟ್ಟಿನೊಳಗೆ ಬಂದು ಮುಟ್ಟುವುದು ಬರೀ ‘ಆ... ಇ’. ಆಷಾಢದಲ್ಲಂತೂ ಅದೂ ಇಲ್ಲ. ಕಪ್ಪು ಎರಿ ಮಣ್ಣಿನ ಹೊಲಗಳ ಮೇಲಿಂದ ಅಡ್ಡ ಬೀಸುವ ಗಾಳಿಗೆ ಗಾಡಿಯೇ ಒಂದು ಕಡೆ ವಾಲುವಾಗ ಮಾತಿನ ಪಾಡೇನು?

ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ದನಿ ಒಂದೇ ಸಮ ಹರಿಯುತ್ತಿದ್ದರೆ ‘ಹೂಂ’ ಅನ್ನುವುದು. ದನಿ ಕೆಳಗಿಳಿದು ನಿಂತರೆ ‘ಹೌದಾ’ ಅನ್ನುವುದು. ಕೊನೆಗೆ ಮೇಲಕ್ಕೆ ಹೋಗಿ ನಿಂತರೆ, ಏನೋ ತಮಾಷೆ ಹೇಳಿರಬೇಕೆಂದು ನಕ್ಕುಬಿಡುವುದು. ಒಂಬತ್ತು ವರ್ಷ ಇದು ಚೆನ್ನಾಗಿ ನಡೆಯಿತು. ಸದಾನಂದ ಒಮ್ಮೆಯೂ ಸಂಶಯಪಡಲಿಲ್ಲ. ಈರಣ್ಣನಂಥ ಕೇಳುಗ ಸಿಗುವುದಿಲ್ಲ ಎಂದು ಅವನು ಗಿರಿಜಾಳ ಮುಂದೆ ಹೇಳಿದ್ದನಂತೆ. ಅವಳು ಆ ದಿನ ಊಟಕ್ಕೆ ಬಡಿಸುವಾಗ ನನ್ನನ್ನು ಬೇರೆ ಯಾರೋ ಎನ್ನುವಂತೆ ನೋಡಿದಳು.

ಕಳೆದ ಆಷಾಢದಲ್ಲಿ ನನ್ನ ಎಡಗಿವಿಯೊಳಗೆ ಜೀರುಂಡೆ ಹೊಕ್ಕಂತೆ ಸದ್ದು ಶುರುವಾಯಿತು. ಒಂದು ದಿನ ಸಾಕ್ಷಿ ಹೇಳುತ್ತಿದ್ದ ಮುದುಕಿಯೊಬ್ಬಳಿಗೆ ಮೂರು ಸಲ ಇನ್ನೊಮ್ಮೆ ಹೇಳಮ್ಮ ಎನ್ನಬೇಕಾಯಿತು. ಮೂರನೆಯ ಸಲ ಅವಳು ನನ್ನನ್ನು ಕರುಣೆಯಿಂದ ನೋಡಿದಳು. ಬೆಳಗಾವಿಯ ಕಿವಿ ಡಾಕ್ಟರು ಯಂತ್ರ ಇಟ್ಟು ಪರೀಕ್ಷೆ ಮಾಡಿ, ವರ್ಷಗಟ್ಟಲೆ ಗಾಳಿಯ ಹೊಡೆತ ತಿಂದ ಕಿವಿ ಇದು, ಬಸ್ಸಿಗೆ ಹೋಗಿ, ಇಲ್ಲವೆ ಗಾಡಿಗೆ ಮರೆ ಕಟ್ಟಿಸಿ ಎಂದರು. ಕಿವಿ ಹೋದ ಸ್ಟೆನೊ ಎಂದರೆ ಮೂಗು ಹೋದ ಅತ್ತರಿನವನಿದ್ದಂತೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೀಗೆ ವಿಂಡ್‌ಶೀಲ್ಡಿನ ಹುಡುಕಾಟ ಶುರುವಾಯಿತು. ಇದು ಕನ್ನಡಕ ಆರಿಸುವುದಕ್ಕಿಂತ ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಗಾಜು ಎಂದು ಕರೆಯುವ ಇದು ಗಾಜೇ ಅಲ್ಲ, ಬಾಗಿದ ಪ್ಲಾಸ್ಟಿಕ್ ಹಾಳೆ. ಗಿಡ್ಡದ್ದು ಹಾಕಿದರೆ ಗಾಳಿಯನ್ನು ಎದೆಯಿಂದ ಎತ್ತಿ ನೇರ ಕಿವಿಗೇ ತಂದು ಬಿಡುತ್ತದೆ. ಎತ್ತರದ್ದು ಹಾಕಿದರೆ ದಾರಿಯನ್ನು ಅದರ ಮೂಲಕವೇ ನೋಡಬೇಕು. ರಾಡಿ ಹಾರಿದರೆ ದಾರಿಯೂ ರಾಡಿ. ಕಪ್ಪು ಬಣ್ಣದ್ದು ಶೋಕಿ, ತಿಳಿ ಬಣ್ಣದ್ದು ಹಾಲಿನ ಗಾಡಿಯ ಗತ್ತು. ಗಿರಿಜಾ ಒಂದೇ ಷರತ್ತು ಹಾಕಿದಳು: ಬೇಕಾದಾಗ ಬಿಚ್ಚಿಡುವಂತಿರಬೇಕು. ತಾನು ಹಿಂದೆ ಕೂತು ತವರಿಗೆ ಹೋಗುವಾಗ ಗೂಡಂಗಡಿಯೊಳಗೆ ಕೂತಂತೆ ಕಾಣಬಾರದು, ಮತ್ತೆ ಬೇಸಿಗೆಯಲ್ಲಿ ಒಂದಿಷ್ಟು ಗಾಳಿಯಾದರೂ ಮೈಗೆ ತಾಗಬೇಕು. ಅವಳ ಮಾತಿನಲ್ಲಿ ನ್ಯಾಯವಿತ್ತು. ಮೈಗೆ ಗಾಳಿ ಬೇಕು, ಕಿವಿಗೆ ಬೇಡ. ಮನುಷ್ಯನ ಬೇಡಿಕೆಗಳು ಯಾವಾಗಲೂ ಹೀಗೇ.

ಬೈಲಹೊಂಗಲದಲ್ಲಿ ಅಂಥದು ಸಿಗಲಿಲ್ಲ. ಕಿತ್ತೂರಿನ ಹತ್ತಿರ ಹೆದ್ದಾರಿಗೆ ಹೊಂದಿಕೊಂಡು ನಜೀರ್‌ಸಾಬ ಎಂಬುವವರ ಅಂಗಡಿಯಿದೆ, ದೂರ ಹೋಗುವ ಗಾಡಿಯವರಿಗೆ ಬೇಕಾದದ್ದೆಲ್ಲ ಅಲ್ಲಿದೆ ಎಂದು ಯಾರೋ ಹೇಳಿದರು. ಒಂದು ರವಿವಾರ ಸದಾನಂದನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಗಾಜಿಗೆ ಕಿವಿ ನನ್ನದು, ಮಾತು ಅವನದು. ಪರೀಕ್ಷೆಗೆ ಇಬ್ಬರೂ ಬೇಕು ಎಂದು ನಾನೇ ತಮಾಷೆ ಮಾಡಿದ್ದೆ.

ನಜೀರ್‌ಸಾಬ ಬಿಳಿಗಡ್ಡದ, ಅವಸರವಿಲ್ಲದ ಮನುಷ್ಯ. ನನ್ನ ಎತ್ತರವನ್ನು ಗಾಡಿಯ ಮೇಲೆ ಕೂರಿಸಿಯೇ ಅಳೆದರು. ಗಾಜಿನ ಅಂಚು ನಿಮ್ಮ ಮೂಗಿನ ಮಟ್ಟಕ್ಕಿರಬೇಕು, ಅದರ ಮೇಲಿಂದ ದಾರಿ ನೋಡಬೇಕು, ಅದರೊಳಗಿಂದಲ್ಲ ಎಂದರು. ಮೂರು ಹಾಳೆ ಹೊರತೆಗೆದು, ನಾಲ್ಕು ತಿರುಪುಗಳ ಒಂದು ಕ್ಲಾಂಪು ಹಾಕಿ, ಒಂದೊಂದನ್ನೇ ಕಟ್ಟಿಕೊಂಡು ಎಂ.ಕೆ. ಹುಬ್ಬಳ್ಳಿಯ ಕಡೆ ಹೋಗಿ ಬನ್ನಿ ಎಂದು ಕಳಿಸಿದರು. ಕಬ್ಬಿನ ಹಂಗಾಮು ಶುರುವಾಗಿತ್ತು. ಸರ್ವಿಸ್ ರಸ್ತೆಯ ತುಂಬ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು, ಹಿಂದೆ ಎರಡೆರಡು ಟ್ರೇಲರ್ ಕಬ್ಬು.

ಮೊದಲನೆಯ ಹಾಳೆ ಗಿಡ್ಡದ್ದು. ಸದಾನಂದ ಹಿಂದಿನಿಂದ ಪ್ರಕರಣದ ನಂಬರುಗಳನ್ನು ಹೇಳಿದ, ನನಗೆ ಗಾಳಿಯೇ ಕೇಳಿಸಿತು. ಎರಡನೆಯದು ಕಪ್ಪು, ಸ್ವಲ್ಪ ವಾಸಿ. ಮೂರನೆಯದು ಎತ್ತರದ ತಿಳಿ ಹಾಳೆ. ಅದನ್ನು ಕಟ್ಟಿಕೊಂಡು ವೇಗ ಹಿಡಿದೊಡನೆ ತಲೆಯ ಸುತ್ತ ಯಾರೋ ಕದ ಹಾಕಿದಂತೆ ಸದ್ದು ನಿಂತಿತು. ಇಂಜಿನ್ನಿನ ಸದ್ದು, ಟ್ರ್ಯಾಕ್ಟರಿನ ಸರಪಳಿಯ ಸದ್ದು ಬೇರೆಬೇರೆಯಾಗಿ ಕೇಳಿಸಿದವು. ಹಿಂದಿನಿಂದ ಒಂದು ತೆಳ್ಳಗಿನ ದನಿ, ಒಂದಕ್ಷರವೂ ಕೆಡದೆ, “ಕೇಳಸ್ತೈತೇನು?” ಎಂದಿತು.

ಆ ಖುಷಿಯಲ್ಲಿ ನನಗೆ ಎಚ್ಚರ ತಪ್ಪಿತು. “ಕೋರ್ಟಿನ್ಯಾಗ ಕೇಳಿಸಿದಂಗ ಕೇಳಸ್ತೈತಿ. ಇಷ್ಟು ವರ್ಷ ನೀ ಹಿಂದ ಕುಂತು ಏನ್ ಮಾತಾಡೀಯೋ, ನನಗ ಅರ್ಧಾನೂ ತಿಳಿದಿಲ್ಲ ನೋಡು,” ಎಂದೆ.

ಸದಾನಂದನೂ ನಗುತ್ತಾನೆಂದುಕೊಂಡಿದ್ದೆ. ಒಂದು ಟ್ರ್ಯಾಕ್ಟರನ್ನು ದಾಟಿದೆವು, ಇನ್ನೊಂದನ್ನು ದಾಟಿದೆವು.

“ಹಂಗಾದ್ರ ಮುನವಳ್ಳಿ ಪೂಲಿನ ಮ್ಯಾಲೆ ನೀ ನಕ್ಕಿದ್ದು?” ಎಂದ.

ಸೇತುವೆಯ ಮೇಲೆ ಯಾವಾಗ ನಕ್ಕೆ ಎಂದು ಕೇಳಿದೆ. ಮೂರು ವರ್ಷವಾಯಿತು, ಮಂಗಲಾಳ ಬಗ್ಗೆ ನಿನ್ನನ್ನು ಕೇಳಿದ್ದೆನಲ್ಲ ಎಂದ. ನಾನು ಗಾಡಿಯ ವೇಗ ಇಳಿಸಿದೆ.

ಮಂಗಲಾ ಯಾರೆಂದು ನನಗೆ ಗೊತ್ತಿತ್ತು. ಕಟಕೋಳದವಳು, ಗಂಡ ಸಣ್ಣ ವಯಸ್ಸಿನಲ್ಲೇ ತೀರಿಕೊಂಡಿದ್ದ. ನಮ್ಮ ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಹೊಡೆದುಕೊಡುತ್ತಿದ್ದಳು. ಆಮೇಲೆ ಪಕ್ಕದ ಡಬ್ಬಿ ಅಂಗಡಿಯಲ್ಲಿ ಕಂಪ್ಯೂಟರ್ ಹಾಕಿದಳು. ಸದಾನಂದ ಮಧ್ಯಾಹ್ನ ಅಲ್ಲಿ ಚಹಾ ಕುಡಿಯುತ್ತಿದ್ದ. ಕರೆಂಟು ಹೋದಾಗ ಅವಳ ಬ್ಯಾಟರಿಗೆ ನೀರು ಹಾಕುತ್ತ ಕೂತದ್ದನ್ನೂ ನೋಡಿದ್ದೆ. ಪರೋಪಕಾರಿ ಎಂದುಕೊಂಡಿದ್ದೆ. ಎರಡು ವರ್ಷದ ಹಿಂದೆ ಅವಳು ಅಂಗಡಿ ಮುಚ್ಚಿ ಹೋದಾಗಲೂ ನನಗೇನೂ ಅನ್ನಿಸಿರಲಿಲ್ಲ.

ಸದಾನಂದ ಆಗ ಹಿಂದಿನಿಂದ ಹೇಳಿದ್ದೆಲ್ಲ ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಗಾಜು ಅಷ್ಟು ಒಳ್ಳೆಯದಿತ್ತು. ಮಂಗಲಾ ನಮ್ಮ ಜನದ ಹೆಣ್ಣುಮಗಳು, ಲಿಂಗಾಯತರವಳು. ತಾನು ಬೇರೆ ಕೇರಿಯವನು. ಅವಳನ್ನು ಕೇಳುವ ಮೊದಲು ಅವಳ ಜನದವನೇ ಆದ ಒಬ್ಬ ಗೆಳೆಯನನ್ನು ಕೇಳಿಬಿಡೋಣವೆಂದು ಅವನು ತಿಂಗಳುಗಟ್ಟಲೆ ಯೋಚನೆ ಮಾಡಿದ್ದ. ಒಂದು ಬೆಳಿಗ್ಗೆ ಮಲಪ್ರಭೆಯ ಸೇತುವೆಯ ಮೇಲೆ ಧೈರ್ಯ ಮಾಡಿದ.

“‘ನಾ ಆಕೀನ್ನ ಲಗ್ನ ಮಾಡಕೋತೀನಂದ್ರ ತಪ್ಪಾಗ್ತೈತೇನು’ ಅಂತ ಕೇಳಿದ್ನಿ. ನೀ ನಕ್ಕಿ,” ಎಂದ.

ಪ್ರಶ್ನೆಯ ಕೊನೆಯಲ್ಲಿ ಅವನ ದನಿ ಮೇಲಕ್ಕೆ ಹೋಗಿರಬೇಕು.

ಆ ನಗುವನ್ನು ಅವನು ಹೇಗೆ ತೆಗೆದುಕೊಂಡನೆಂದು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ನನ್ನಂಥವನ ಹಿಂದೆ ಕೂತು ಅವನಂಥವನು ಅಂಥ ಪ್ರಶ್ನೆ ಕೇಳಿ, ಉತ್ತರವಾಗಿ ನಗು ಬಂದರೆ ಅದಕ್ಕೆ ಒಂದೇ ಅರ್ಥ. ಅದನ್ನು ಅರ್ಥ ಮಾಡಿಕೊಂಡು, ಮಂಗಲಾಳ ಅಂಗಡಿಗೆ ಹೋಗುವುದನ್ನು ನಿಲ್ಲಿಸಿ, ಮರುದಿನವೂ ನನ್ನ ಹಿಂದೆಯೇ ಬಂದು ಕೂತಿದ್ದಾನೆ. ಮೂರು ವರ್ಷ.

ಗಾಡಿ ಬದಿಗೆ ನಿಲ್ಲಿಸಲು ಹೋದೆ, ನಿಲ್ಲಿಸಬೇಡ ನಡಿ ಎಂದ. ಮುಖ ನೋಡಿಕೊಂಡು ಇದನ್ನೆಲ್ಲ ಮಾತಾಡುವುದು ಅವನಿಗೂ ಬೇಡವಾಗಿತ್ತು. ನಾನು, ಸದಾನಂದ, ನನಗೆ ಕೇಳಿಸಿರಲಿಲ್ಲ, ನಾನು ಎಲ್ಲದಕ್ಕೂ ಹಾಗೇ ನಗುತ್ತಿದ್ದೆ ಎಂದು ಮತ್ತೆಮತ್ತೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

“ಕೇಳಿಸಿದ್ರ ಏನಂತಿದ್ದಿ?” ಎಂದ.

ಇದಕ್ಕೆ ಉತ್ತರ ತಟ್ಟನೆ ಬರಬೇಕಿತ್ತು. ಬರಲಿಲ್ಲ. ಕಟಕೋಳದಲ್ಲಿ ಮಂಗಲಾಳ ಅಣ್ಣ ಗಿರಿಜಾಳ ತವರಿನವರಿಗೆ ದೂರದ ಬೀಗ ಎಂಬುದು ನೆನಪಿಗೆ ಬಂತು. ಮದುವೆಯಾಗಿದ್ದರೆ ಯಾರ ಯಾರ ಮನೆಯಲ್ಲಿ ನನ್ನ ಹೆಸರು ಬರುತ್ತಿತ್ತು ಎಂಬುದು ನೆನಪಿಗೆ ಬಂತು. ಹಾಗೆ ನೆನಪಿಗೆ ಬಂದದ್ದಕ್ಕೇ ನಾಚಿಕೆಯಾಯಿತು. ಇದೆಲ್ಲ ಆಗುವಷ್ಟರಲ್ಲಿ ಒಂದು ಟ್ರ್ಯಾಕ್ಟರು ತನ್ನ ಎರಡೂ ಟ್ರೇಲರ್ ಸಮೇತ ಹಿಂದೆ ಸರಿಯಿತು. ಆಮೇಲೆ, “ಮಾಡ್ಕೊ ಅಂತಿದ್ನಿ,” ಎಂದೆ.

“ಹೂಂ,” ಎಂದ ಸದಾನಂದ.

ನನ್ನ ಮೌನ ಎಷ್ಟು ಉದ್ದವಿತ್ತೆಂಬುದು ಅವನಿಗೆ ಕೇಳಿಸಿತ್ತು. ತಪ್ಪನ್ನು ಗಾಳಿಯ ಮೇಲೆ ಹಾಕಲು ಅಲ್ಲಿ ಗಾಳಿಯೇ ಇರಲಿಲ್ಲ.

ಅಂಗಡಿಗೆ ಮರಳಿದಾಗ ನಜೀರ್‌ಸಾಬರು ಯಾವುದು ಎಂದು ಕೇಳಿದರು. ನನಗೆ ಯಾವುದೂ ಬೇಡವಾಗಿತ್ತು. ಸದಾನಂದನೇ ಆ ಮೂರನೆಯ ಹಾಳೆಯ ಮೇಲೆ ಕೈಯಿಟ್ಟು, “ಇದನ್ನ ತಗೊ. ಛಲೋ ಐತಿ,” ಎಂದ. ಕ್ಲಾಂಪು ಬಿಗಿಯುವಾಗ ಹಾಳೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು ನಿಂತವನೂ ಅವನೇ. ಬೇಕಾದಾಗ ಬಿಚ್ಚುವುದು ಹೇಗೆಂದು ನಜೀರ್‌ಸಾಬರು ಎರಡು ಸಲ ತೋರಿಸಿದರು. ಪಾನಾ ಬೇಡ, ಕೈಯಿಂದಲೇ ತಿರುಗಿಸಿದರೆ ಸಾಕು.

ಮರುದಿನದಿಂದ ಸದಾನಂದ ಬಸ್ಸಿನಲ್ಲಿ ಬರತೊಡಗಿದ. ಬಸ್ಸಿನ ಟೈಮು ಅನುಕೂಲವಾಗಿದೆ ಎಂದ. ಅದು ಅನುಕೂಲವಾಗಿರಲಿಲ್ಲ, ಕೋರ್ಟಿನ ಬಾಗಿಲು ತೆರೆಯುವ ಎಷ್ಟೋ ಮೊದಲು ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಕೋರ್ಟಿನಲ್ಲಿ ನನ್ನೊಡನೆ ಮೊದಲಿನಂತೆಯೇ ಇದ್ದ; ಅವನು ಅಲ್ಲಿ ಮೊದಲಿನಿಂದಲೂ ಮಾತಾಡುತ್ತಿರಲಿಲ್ಲವಲ್ಲ. ನಾನು ಸದ್ದಿಲ್ಲದ ಗಾಡಿಯ ಮೇಲೆ, ಹಿಂದಿನ ಸೀಟು ಖಾಲಿಯಿಟ್ಟುಕೊಂಡು ಹೋಗುತ್ತಿದ್ದೆ. ಕಿವಿಯೊಳಗಿನ ಜೀರುಂಡೆ ಕಡಿಮೆಯಾಗಿತ್ತು. ಗಾಜು ತನ್ನ ಕೆಲಸ ಮಾಡಿತ್ತು, ದೂರುವಂತಿರಲಿಲ್ಲ.

ಗಿರಿಜಾಳಿಗೆ ಎಲ್ಲ ಹೇಳಿದೆ. ಅವಳು, ನೀವು ಅವರಿಗೊಂದು ನಗು ಕೊಟ್ಟಿರಿ, ಆ ಹೆಣ್ಣುಮಗಳಿಗೆ ಏನು ಕೊಟ್ಟಿರಿ ಎಂದಳು. ಆ ಮಾತು ನನ್ನನ್ನು ಎಬ್ಬಿಸಿತು. ಮಂಗಲಾ ಈಗ ರಾಮದುರ್ಗದಲ್ಲಿದ್ದಾಳೆ, ತಾಲೂಕು ಕಚೇರಿಯ ಎದುರಿಗೆ ಅಂಗಡಿ ಇಟ್ಟಿದ್ದಾಳೆ ಎಂದು ವಕೀಲರೊಬ್ಬರ ಗುಮಾಸ್ತ ಹೇಳಿದ. ಸದಾನಂದನಿಗೆ ತಿಳಿಸದೆ ಒಂದು ದಿನ ರಜೆ ಹಾಕಿ ಹೊರಟೆ. ತಿಳಿಸದೆ ಹೋದದ್ದು ಇನ್ನೊಂದು ತಪ್ಪು ಎಂದು ನನಗೆ ಹೊಳೆದದ್ದು ಯರಗಟ್ಟಿಯಲ್ಲಿ, ಚಹಾ ಕುಡಿಯುವಾಗ. ಕಟಕೋಳ ದಾಟುವಾಗ ಹಿಂತಿರುಗಿಬಿಡೋಣ ಎನ್ನಿಸಿತು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋರಾಗಿ ಹೇಳಿಕೊಂಡೆ. ಗಾಳಿಯಿಲ್ಲದ್ದರಿಂದ ನನ್ನ ಮಾತು ನನಗೇ ಕೇಳಿಸಿ, ಎಷ್ಟು ಪೊಳ್ಳಾಗಿದೆ ಎಂದು ತಿಳಿಯಿತು.

ಅಂಗಡಿಯಲ್ಲಿ ಎರಡು ಕಂಪ್ಯೂಟರು, ಮುಂದೆ ಅರ್ಜಿ ಹಿಡಿದ ಸಾಲು. ಮಂಗಲಾಳ ತಲೆ ಸ್ವಲ್ಪ ಬೆಳ್ಳಗಾಗಿತ್ತು. ಗುರುತು ಹಿಡಿದು, ಬರ್ರಿ ಸ್ಟೆನೊ ಸಾಹೇಬ್ರ, ಕುಂದರ್ರಿ ಎಂದಳು. ಸಾಲು ಕರಗುವವರೆಗೆ ಕೂತಿದ್ದೆ. ಆಮೇಲೆ ಸೇತುವೆ, ಗಾಳಿ, ನಗು ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಕಾಗದಗಳ ಅಂಚು ಸರಿಮಾಡುತ್ತ ಕೇಳಿದಳು. ಅವರು ನನ್ನನ್ನು ಏನೂ ಕೇಳಲೇ ಇಲ್ಲ, ಕೇಳುತ್ತಾರೆಂದು ಒಂದು ವರ್ಷ ಅಲ್ಲೇ ಅಂಗಡಿ ಇಟ್ಟುಕೊಂಡಿದ್ದೆ, ಆಮೇಲೆ ಇಲ್ಲಿಗೆ ಬಂದೆ ಎಂದಳು.

ತಪ್ಪೆಲ್ಲ ನನ್ನ ನಗುವಿನದು ಎಂದೆ.

“ನಿಮ್ಮದೊಂದು ನಗಿ ಬಿಡ್ರಿ,” ಎಂದಳು. “ಲಗ್ನಾ ಆಗಿದ್ರ ನಮ್ಮ ಮಂದಿ ದಿನಾ ನಗತಿದ್ರು. ನನಗ ಅದು ಗೊತ್ತಿತ್ತು. ಗೊತ್ತಿದ್ದ ಕುಂತಿದ್ನಿ. ಅವರು ಒಂದ ನಗಿಗೆ ಹೆದರಿದ್ರು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಈಗ ಏನು ಎಂದು ಕೇಳುವ ಅಧಿಕಾರ ನನಗಿರಲಿಲ್ಲ, ಆದರೂ ಕೇಳಿದೆ. ಈಗ ಬೇಡ, ಇಲ್ಲಿ ನೆಲೆಯಾಗಿದೆ, ಅವರಿಗೆ ಆರಾಮಾಗಿರಲು ಹೇಳಿ ಎಂದಳು. ಅಷ್ಟರಲ್ಲಿ ಅರ್ಜಿ ಹಿಡಿದು ಇನ್ನಿಬ್ಬರು ಬಂದರು. ನಾನು ಎದ್ದೆ. ಚಹಾ ತರಿಸುತ್ತೇನೆ ಎಂದು ಅವಳು ಹೇಳಿದ್ದು ಮೆಟ್ಟಿಲಿಳಿದ ಮೇಲೆ ಕೇಳಿಸಿತು. ಹಿಂತಿರುಗಿ ಹೋಗುವಷ್ಟು ಮುಖ ನನಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿನ ಹೊತ್ತಿಗಿಂತ ಮೊದಲೇ ಸದಾನಂದನ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ರಾಮದುರ್ಗಕ್ಕೆ ಹೋಗಿದ್ದೆ ಎಂದೆ. ಅವನು ನನ್ನನ್ನೂ ಗಾಜನ್ನೂ ನೋಡಿ, ಬಾಗಿಲಿಗೆ ಕೀಲಿ ಹಾಕಿ ಹಿಂದೆ ಕೂತ. ಊರು ದಾಟಿದ ಮೇಲೆ ಹೇಳಲು ಶುರುಮಾಡಿದೆ. ಮಂಗಲಾ ಹೇಳಿದ್ದನ್ನು, ಕೋರ್ಟಿನಲ್ಲಿ ಓದಿ ಹೇಳುವಂತೆ, ಹೆಚ್ಚು ಕಡಿಮೆ ಮಾಡದೆ ಹೇಳಿದೆ. ಹೆದರಿದರು ಎಂದದ್ದನ್ನೂ ಬಿಡಲಿಲ್ಲ. ಕಿತ್ತೂರಿನ ದಾರಿಯಲ್ಲಿ ನನ್ನ ಉತ್ತರ ತಡವಾದದ್ದು ಯಾಕೆಂಬುದನ್ನೂ, ಆಗ ನನ್ನ ತಲೆಯಲ್ಲಿ ಯಾರ ಯಾರ ಮುಖ ಬಂದವೆಂಬುದನ್ನೂ ಹೇಳಿದೆ. ಅದು ನನ್ನ ಕಿವಿಯ ದೋಷವಾಗಿರಲಿಲ್ಲ ಎಂದೆ.

“ಖರೆ ಅಂದಾಳ ಆಕಿ,” ಎಂದ ಸದಾನಂದ.

ಮುನವಳ್ಳಿ ಹತ್ತಿರವಾದಾಗ ಭುಜ ತಟ್ಟಿ ನಿಲ್ಲಿಸಲು ಹೇಳಿದ. ಗಾಜು ಬಿಚ್ಚು ಎಂದ. ನಾಲ್ಕು ತಿರುಪು ಸಡಿಲಿಸಿ ಬಿಚ್ಚಿಕೊಟ್ಟೆ. ಅವನು ಅದನ್ನು ನನ್ನ ಬೆನ್ನಿಗೂ ತನ್ನ ಎದೆಗೂ ನಡುವೆ ಹಿಡಿದುಕೊಂಡು ಕೂತ. ಸೇತುವೆ ಹತ್ತುತ್ತಲೇ ಗಾಳಿ ಎದುರಾಯಿತು. ಹಿಂದೆ ಅವನು ಮಾತಾಡುತ್ತಿದ್ದನೋ, ಬೇರೇನಾದರೂ ಮಾಡುತ್ತಿದ್ದನೋ ನನಗೆ ಗೊತ್ತಾಗಲಿಲ್ಲ. ಒಂದು ದನಿ ಇತ್ತು, ಅದು ಬಹಳ ದೂರದವರೆಗೆ ನಿಲ್ಲಲಿಲ್ಲ. ನಾನು ಹೂಂ ಅನ್ನಲಿಲ್ಲ, ನಗಲಿಲ್ಲ. ಕಣ್ಣಿಗೆ ಗಾಳಿ ಹೊಡೆಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕೋರ್ಟಿನ ಆವರಣದಲ್ಲಿ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಸದಾನಂದ ಇಳಿದು, ಗಾಜಿಗೆ ಹತ್ತಿದ ಧೂಳನ್ನು ತನ್ನ ಕರವಸ್ತ್ರದಿಂದ ಒರೆಸುತ್ತಿದ್ದ.

“ಏನಂದಿ?” ಎಂದು ಕೇಳಿದೆ.

ಅವನು ಒರೆಸುವುದನ್ನು ಮುಗಿಸಿ ಗಾಜನ್ನು ನನ್ನ ಕೈಗೆ ಕೊಟ್ಟ.

“ನಾಳೆ ಹಾಕ್ಕೊಂಡು ಬಾ. ಹೇಳತೇನಿ,” ಎಂದ.